ಕೆಸರಿನ ಇಂಜಿನಿಯರೂ ಧಾರೆ ಸೀರೆಯ ನೂಲೂ

ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ಬೇಯಿಸುವ ಮನೆಗಳು ಬೇಕಾದಷ್ಟಿದ್ದವು. ಶಿವರತ್ನಮ್ಮನ ಲೆಕ್ಕದಲ್ಲಿ ಇದ್ದದ್ದು ಮಾತ್ರ ಒಂದೇ, ಅದು ಅವಳದು. ಉಳಿದವರೆಲ್ಲ ನೂಲನ್ನು ಬೇಯಿಸುತ್ತಿರಲಿಲ್ಲ, ಕೊಲ್ಲುತ್ತಿದ್ದರು. ಕೆಲವರು ಸಾಬೂನಿಗೆ ಜಿಪುಣತನ ಮಾಡಿ ಅಂಟು ಉಳಿಸುತ್ತಿದ್ದರು, ಕೆಲವರು ಸೋಡಾ ಸುರಿದು ನೂಲಿನ ಜೀವ ತೆಗೆಯುತ್ತಿದ್ದರು. ಹನೂರಿನವರ ವಿಷಯ ಕೇಳಲೇಬೇಡಿ, ಅವರಿಗೆ ಮುದ್ದೆ ಬೇಯಿಸುವುದೂ ನೆಟ್ಟಗೆ ಬಾರದು ಎನ್ನುವುದು ಅವಳ ತೀರ್ಪು.

ನೂಲು ಬೇಯಿಸುವುದೆಂದರೆ ಅನ್ನ ಬೇಯಿಸಿದ ಹಾಗಲ್ಲ. ರೇಷ್ಮೆಗೂಡಿನಿಂದ ಬಿಚ್ಚಿದ ಎಳೆಯ ಮೇಲೆ ಒಂದು ಬಗೆಯ ಅಂಟು ಇರುತ್ತದೆ, ಮುಟ್ಟಿದರೆ ಹುಲ್ಲಿನ ಹುರಿಯಷ್ಟು ಒರಟು. ಕೊಪ್ಪರಿಗೆಯಲ್ಲಿ ನೀರು ಕಾಯಿಸಿ, ಸಾಬೂನು ಕರಗಿಸಿ, ಬಟ್ಟೆ ಒಗೆಯುವ ಸೋಡಾವನ್ನು ಕೈಯಳತೆಯಲ್ಲಿ ಉದುರಿಸಿ, ನೂಲಿನ ಲಡಿಗಳನ್ನು ಕೋಲಿಗೆ ಪೋಣಿಸಿ ಇಳಿಬಿಟ್ಟು ತಿರುಗಿಸುತ್ತ ನಿಂತರೆ ಅಂಟು ಬಿಟ್ಟು ಹೊಳಪು ಬರುತ್ತದೆ. ಸೋಡಾ ಕಮ್ಮಿಯಾದರೆ ಅಂಟು ಹೋಗದು, ಜಾಸ್ತಿಯಾದರೆ ನೂಲೇ ಹೋದೀತು. ಆ ಸಾಬೂನನ್ನೂ ಶಿವರತ್ನಮ್ಮ ಅಂಗಡಿಯಿಂದ ತರಿಸುತ್ತಿರಲಿಲ್ಲ. ಹೊಂಗೆ ಎಣ್ಣೆಗೆ ಕಾಸ್ಟಿಕ್ ಸೋಡಾ ಸೇರಿಸಿ ತಾನೇ ಕಾಸುತ್ತಿದ್ದಳು. ಕಾಸ್ಟಿಕ್ಕಿನ ಡಬ್ಬ ಬೀರುವಿನಲ್ಲಿ ಬೀಗದೊಳಗೆ ಇರುತ್ತಿತ್ತು. ಹಿಂದೆ ಒಂದು ಸಲ ಅದರ ನೀರು ಸಿಡಿದು ಗಿರಾಕಿಯೊಬ್ಬನ ರೇಷ್ಮೆ ಪಂಚೆ ಜರಡಿಯಾಗಿತ್ತು. ಅಂದಿನಿಂದ ಮಗಳಿಗೂ ಅದನ್ನು ಮುಟ್ಟಲು ಬಿಟ್ಟಿರಲಿಲ್ಲ.

ಗಂಡ ವೃಷಭೇಂದ್ರಪ್ಪನಿಗೆ ಮಧುವನಹಳ್ಳಿಯಲ್ಲಿ ಗದ್ದೆ ಇತ್ತು, ಪೇಟೆಯಲ್ಲಿ ನೂಲಿನ ಅಂಗಡಿ ಇತ್ತು, ಬಾಯಲ್ಲಿ ಸದಾ ಎಲೆಯಡಿಕೆ ಇತ್ತು. ಇವನ್ನು ಬಿಟ್ಟರೆ ಈ ಮನುಷ್ಯನಲ್ಲಿ ಇನ್ನೇನಿದೆ ಎಂದು ಶಿವರತ್ನಮ್ಮ ಮದುವೆಯಾದಂದಿನಿಂದ ಹುಡುಕುತ್ತಿದ್ದಳು, ಸಿಕ್ಕಿರಲಿಲ್ಲ. ಇಡೀ ತಾಲ್ಲೂಕಿನಲ್ಲಿ ಅವಳು ಹಗುರವಾಗಿ ಕಾಣದೆ ಇದ್ದ ಜೀವವೊಂದಿದ್ದರೆ ಅದು ಮಗಳು ಪುಟ್ಟಬಸಮ್ಮ. ಅದನ್ನು ಮಗಳ ಎದುರು ಬಾಯಿಬಿಟ್ಟು ಹೇಳಿದವಳಲ್ಲ. ಬದಲಿಗೆ ಅವಳನ್ನು ನೋಡಲು ಬಂದ ಗಂಡುಗಳನ್ನೆಲ್ಲ ಒಬ್ಬೊಬ್ಬರಾಗಿ ಹೊಸಿಲಿನಿಂದಾಚೆ ಕಳಿಸಿದ್ದಳು. ಚಾಮರಾಜನಗರದ ವಕೀಲನಿಗೆ ಕತ್ತು ಉದ್ದವಾಯಿತು. ಮೈಸೂರಿನ ಗುಮಾಸ್ತ ಊಟ ಮಾಡುವಾಗ ಪಕ್ಕದ ಮನೆಗೆ ಕೇಳುವ ಹಾಗೆ ಸದ್ದು ಮಾಡಿದ. ಕೌದಳ್ಳಿಯ ಜಮೀನುದಾರರ ಸಂಬಂಧ ಬಂದಾಗ, "ಕೌದಳ್ಳಿ ಒಂದು ಊರಾ? ಬೆಟ್ಟಕ್ಕೋಗೋರು ನೀರು ಕುಡಿಯಕ್ಕ ನಿಲ್ಲೋ ಜಾಗ ಅದು" ಎಂದು ಒಂದೇ ಮಾತಿನಲ್ಲಿ ಊರನ್ನೇ ಅಳಿಸಿಹಾಕಿದಳು.

ಈ ಸಲ ಬಂದದ್ದು ಯಳಂದೂರಿನ ಸಂಬಂಧ. ತಂದವರು ಹುಡುಗನ ಸೋದರಮಾವ ಗುರುಮಲ್ಲಪ್ಪನವರು, ವೃಷಭೇಂದ್ರಪ್ಪನ ಹಳೆಯ ಸ್ನೇಹಿತರು. ಹುಡುಗ ಗುರುಪಾದಸ್ವಾಮಿ ಗುಜರಾತಿನಲ್ಲಿ ಎಣ್ಣೆ ಬಾವಿಯ ಇಂಜಿನಿಯರಂತೆ. ಬಾವಿಯಲ್ಲಿ ಎಣ್ಣೆ ಸಿಗುತ್ತದೆ ಎನ್ನುವುದನ್ನೇ ವೃಷಭೇಂದ್ರಪ್ಪ ಮೊದಲು ನಂಬಲಿಲ್ಲ. ನಂಬಿದ ಮೇಲೆ ಬಿಡಲೂ ಇಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ಅವನದು. ಹುಡುಗ ಬಂದು ನೋಡಿ ಹೋಗಲಿ, ಸೋಮವಾರವೇ ಹಿರಿಯರನ್ನು ಕೂರಿಸಿ ವೀಳ್ಯ ಬದಲಾಯಿಸಿಬಿಡೋಣ ಎಂದು ಹೆಂಡತಿಯನ್ನು ಕೇಳದೆ ಮಾತು ಕೊಟ್ಟು ಬಂದ. ವೀಳ್ಯ ಬದಲಾದ ಮೇಲೆ ಮುಗಿಯಿತು, ಹೆಣ್ಣು ಅವರ ಮನೆಯದು. ಪುಟ್ಟಬಸಮ್ಮನನ್ನು ಗುಜರಾತಿಗೆ ಹೋಗದ ಹಾಗೆ ತಡೆಯಲು ಶಿವರತ್ನಮ್ಮನಿಗೆ ಉಳಿದದ್ದು ಗಂಡು ನೋಡಲು ಬರುವ ಆ ಒಂದು ಬೆಳಗು ಮಾತ್ರ.

ಗುರುಪಾದಸ್ವಾಮಿ ಟೆರಿಲಿನ್ ಶರಟು, ಕಪ್ಪು ಕನ್ನಡಕ, ಕೈಯಲ್ಲೊಂದು ಚರ್ಮದ ಚೀಲದೊಡನೆ ಜಟಕಾದಿಂದ ಇಳಿದ. ಒಳಗೆ ಬಂದ ಮೇಲೂ ಕನ್ನಡಕ ತೆಗೆಯದೆ ಹೊಸಿಲು ಎಡವಿದ. ಹಜಾರದ ಕಂಬದ ಹಿಂದೆ ನಿಂತಿದ್ದ ಶಿವರತ್ನಮ್ಮನಿಗೆ ಅಷ್ಟಕ್ಕೇ ಅರ್ಧ ತೀರ್ಪು ಸಿದ್ಧವಾಯಿತು. ಪುಟ್ಟಬಸಮ್ಮ ಉಪ್ಪಿಟ್ಟಿನ ತಟ್ಟೆ ತಂದಿಟ್ಟು ಒಳಗೆ ಹೋದಳು. ಹೋಗುವಾಗ ಹುಡುಗನನ್ನು ಒಮ್ಮೆ ಸರಿಯಾಗಿಯೇ ನೋಡಿದಳು. ಅವನು ಆಗ ಕನ್ನಡಕ ತೆಗೆದ.

"ಅಲ್ಲಿ ಏನಪ್ಪ ನಿಮ್ಮ ಕೆಲ್ಸ?" ಎಂದು ವೃಷಭೇಂದ್ರಪ್ಪ ಭಕ್ತಿಯಿಂದ ಕೇಳಿದ.

"ಮಡ್ ಸೆಕ್ಷನ್ ಮಾವ. ಬಾವಿ ಕೊರೆಯೋವಾಗ ಪೈಪಿನೊಳಗೆ ಕೆಸರು ಬಿಡ್ತಾನೇ ಇರ್ಬೇಕು. ಅದು ತಳಕ್ಕೋಗಿ, ಕಲ್ಲಿನ ಪುಡಿ ಹೊತ್ಕೊಂಡು ಮೇಲಕ್ಕೆ ಬರತ್ತೆ. ಕೆಸರು ನೀರಾದ್ರೆ ಬಾವಿ ಕುಸಿಯತ್ತೆ, ಗಟ್ಟಿಯಾದ್ರೆ ಮಿಷನ್ ನಿಲ್ಲತ್ತೆ. ಆ ಹದ ನೋಡೋದು ನಾವು."

"ಕೆಸರಾ?" ಶಿವರತ್ನಮ್ಮ ಕಂಬದ ಹಿಂದಿನಿಂದಲೇ ಕೇಳಿದಳು.

"ಹೌದು ಅತ್ತೆ, ಕೆಸರು."

ಇನ್ನೂ ವೀಳ್ಯ ಬದಲಾಗಿಲ್ಲ, ಆಗಲೇ ಅತ್ತೆ! ಶಿವರತ್ನಮ್ಮನಿಗೆ ಮೈಯೆಲ್ಲ ಉರಿಯಿತು. "ಅಲ್ಲ ಕಣಪ್ಪ, ಕೆಸರು ಕಲಸಕ್ಕ ಗುಜರಾತ್‌ಗಂಟ ಓಗ್ಬೇಕಿತ್ತಾ? ಮಧುವನಹಳ್ಳಿ ಗದ್ದೇಲಿ ಎಷ್ಟು ಬೇಕಾದ್ರೂ ಅದೆ. ನಮ್ಮ ಎಮ್ಮೆಗಳೂ ದಿನಾ ಅದೇ ಉದ್ಯೋಗ ಮಾಡ್ತವೆ" ಎಂದಳು.

ಗುರುಮಲ್ಲಪ್ಪನವರು ಕೆಮ್ಮಿದರು. ವೃಷಭೇಂದ್ರಪ್ಪ, "ಲೇ, ಇವ್ಳೇ, ಸುಮ್ಕಿರು" ಎಂದ. ಆದರೆ ಹುಡುಗನಿಗೆ ಅವಮಾನ ತಾಗಲೇ ಇಲ್ಲ. ವಿಷಯ ಸಿಕ್ಕಿತೆಂದು ಅವನಿಗೆ ಹುರುಪೇ ಬಂತು. ಚೀಲ ಬಿಚ್ಚಿ ಮೂರು ತಗಡಿನ ಡಬ್ಬ ಹೊರಗಿಟ್ಟ. ಕಾಶಿಗೆ ಹೋದವರು ಗಂಗೆ ತರುತ್ತಾರೆ. ಈತ ರಜಕ್ಕೆ ಬರುವಾಗ ಕೆಸರಿಗೆ ಹಾಕುವ ಸಾಮಾನು ತಂದು ಯಳಂದೂರಿನ ಬೀದಿಬೀದಿಗೂ ತೋರಿಸಿ ಮುಗಿಸಿದ್ದ.

"ಇದು ಬೆಂಟೊನೈಟ್ ಅಂತ, ನೀರು ಕಂಡ್ರೆ ಊದ್ಕೊಳ್ಳೋ ಜೇಡಿಮಣ್ಣು. ನೀರು ಗಡಸಾಗಿದ್ರೆ ಇದು ಊದಲ್ಲ. ಅದಕ್ಕೆ ಮೊದಲು ಈ ಡಬ್ಬದ ಸೋಡಾ ಹಾಕಿ ನೀರಿನ ಸುಣ್ಣ ಇಳಿಸ್ತೀವಿ. ಇನ್ನು ಇದಿದೆಯಲ್ಲ" ಎಂದು ಮೂರನೆಯ ಡಬ್ಬದ ಮುಚ್ಚಳವನ್ನು ಸ್ವಲ್ಪವೇ ತೆರೆದು, "ಇದೂ ಸೋಡಾನೇ ಮಾವ, ಆದ್ರೆ ಆ ಸೋಡಾದ ಅಪ್ಪ. ಒಂದು ಮೂಟೆ ಮಾಡೋ ಕೆಲಸಾನ ಇದು ಒಂದು ಹಿಡಿ ಮಾಡತ್ತೆ" ಎಂದ.

ಶಿವರತ್ನಮ್ಮ ಕತ್ತು ಚಾಚಿ ನೋಡಿದಳು. ಒಳಗೆ ಬಿಳಿಯ ಹಪ್ಪಳದ ಚೂರಿನಂಥವು, ಗಾಳಿ ತಾಗಿದೊಡನೆ ಬೆವರತೊಡಗಿದ್ದವು. ತನ್ನ ಬೀರುವಿನ ಬೀಗದೊಳಗೆ ಇರುವುದೂ ಅದೇ ಕಾಸ್ಟಿಕ್. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವುದನ್ನು ಇವನಿಗೆ ಯಾರೂ ಹೇಳಿಕೊಟ್ಟಿಲ್ಲ ಎಂದುಕೊಂಡು ಸುಮ್ಮನಾದಳು. ಆಗಿನ್ನೂ ಅವಳ ತಲೆಯಲ್ಲಿ ಬೇರೇನೂ ಇರಲಿಲ್ಲ.

ಕಾಫಿಯಾದ ಮೇಲೆ ವೃಷಭೇಂದ್ರಪ್ಪ ಅತಿಥಿಗಳನ್ನು ಹಿತ್ತಲಿನ ಬೇಯಿಸುವ ಮನೆಗೆ ಕರೆದುಕೊಂಡು ಹೋದ. ಹುಡುಗ ಡಬ್ಬಗಳನ್ನೂ ಹಿಡಿದುಕೊಂಡೇ ಬಂದ. ಅಲ್ಲಿ ಹಳೆಯ ಆಳು ನಿಂಗಯ್ಯ ಚಿಕ್ಕ ಕೊಪ್ಪರಿಗೆಗೆ ಉರಿ ಹಾಕಿ, ಸಾಬೂನು ನೀರು ಕುದಿ ಬಂದದ್ದನ್ನು ನೋಡಿ, ಸೋಡಾವನ್ನು ಬೆರಳ ಸಂದಿಯಿಂದ ಉದುರಿಸುತ್ತಿದ್ದ. ಗುರುಪಾದಸ್ವಾಮಿ ನಕ್ಕ.

"ಇನ್ನೂ ಚಿಟಿಕೆ ಲೆಕ್ಕದಲ್ಲೇ ಇದ್ದೀರಲ್ಲ ಮಾವ! ನಾವು ಅಲ್ಲಿ ಲಾರಿಗಟ್ಲೆ ಸುರೀತೀವಿ. ಇದೆಷ್ಟು ಹೊತ್ತು ಬೇಯತ್ತೆ?"

"ಒಂದು ಗಂಟೆ ಮೇಲೆ ಆಯ್ತದೆ ಬುದ್ಧಿ" ಎಂದ ನಿಂಗಯ್ಯ.

"ನನ್ನ ಡಬ್ಬದ್ದು ಹಾಕಿದ್ರೆ ಕಾಲು ಗಂಟೆ ಸಾಕು. ಅಂಟು ತಾನೇ? ಬಂಡೆಯ ಜಿಗಟನ್ನೇ ಬಿಡಿಸಿದ್ದೀವಿ, ಹುಳದ ಜಿಗಟು ಯಾವ ಲೆಕ್ಕ?"

ನಿಂಗಯ್ಯ ಡಬ್ಬದೊಳಗೆ ಇಣುಕಿ ಎರಡು ಹೆಜ್ಜೆ ಹಿಂದೆ ಸರಿದ. "ಅವ್ವಾರೇ, ಇದು..." ಎಂದು ಶುರುಮಾಡಿದ.

"ಸುಮ್ಕಿರು ನಿಂಗಯ್ಯ" ಎಂದಳು ಶಿವರತ್ನಮ್ಮ. ದನಿ ಬೆಣ್ಣೆಯ ಹಾಗಿತ್ತು. ಅವಳ ದನಿ ಬೆಣ್ಣೆಯಾದದ್ದನ್ನು ಎಂದೂ ಕೇಳದ ನಿಂಗಯ್ಯ ಹೆದರಿ ಬಾಯಿ ಮುಚ್ಚಿಕೊಂಡ. "ಇಂಜಿನಿಯರು ಏಳ್ತಾವ್ರೆ. ನಾವು ಓದ್ದೋರಾ, ಬರೆದೋರಾ? ಆಕಪ್ಪ, ನೀನೇ ನಿನ್ ಕೈಯಾರ ಆಕು."

ಗುರುಪಾದಸ್ವಾಮಿ ಡಬ್ಬ ಬಗ್ಗಿಸಿ ಧಾರಾಳವಾಗಿ ಸುರಿದ. ನೀರು ಬುಸ್ಸೆಂದು ಉಕ್ಕಿ ಇಳಿಯಿತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುತ್ತಾನಂತೆ. ಇವನಿಗೆ ಬಂದದ್ದು ಐಶ್ವರ್ಯವೂ ಅಲ್ಲ, ಒಂದು ಡಬ್ಬ ಕಾಸ್ಟಿಕ್ಕು.

ಹಾಕುವುದಕ್ಕೆ ಒಂದೆರಡು ಲಡಿ ನೂಲು ಕೊಡಿ ಎಂದು ಹುಡುಗ ಕೇಳಿದ. ನಿಂಗಯ್ಯ ಮೂಲೆಯಲ್ಲಿದ್ದ ಗಿರಾಕಿಯ ದಪ್ಪ ನೂಲಿಗೆ ಕೈಹಾಕಿದ. ಶಿವರತ್ನಮ್ಮ ಅಲ್ಲೇ ಯೋಚಿಸಿದಳು. ಗಿರಾಕಿಯ ನೂಲು ಹಾಳಾದರೆ ಗಂಡ ದುಡ್ಡು ಕೊಟ್ಟು ನಕ್ಕುಬಿಡುತ್ತಾನೆ, ಹುಡುಗರು ಮಾಡಿದ್ದು ಎಂದು ಗುರುಮಲ್ಲಪ್ಪನೂ ನಗುತ್ತಾನೆ, ಸೋಮವಾರ ವೀಳ್ಯ ಬದಲಾಗಿಯೇ ಬಿಡುತ್ತದೆ. ನಗಲು ಆಗದಂಥದ್ದು ಏನಾದರೂ ಹಾಳಾಗಬೇಕು. ಅವಳ ಕಣ್ಣು ದೇವರ ಪಟದ ಪಕ್ಕದ ಮೊಳೆಯ ಮೇಲೆ ಹೋಯಿತು. ಅಲ್ಲಿ ಮಗಳ ಧಾರೆ ಸೀರೆಯ ನೂಲು ತೂಗುತ್ತಿತ್ತು.

ಆ ಮನೆಯಲ್ಲಿ ಒಂದು ಕಟ್ಟಳೆ. ಹೆಣ್ಣುಮಗಳು ತನ್ನ ಧಾರೆ ಸೀರೆಯ ನೂಲನ್ನು ತಾನೇ ಚರಕದಲ್ಲಿ ಬಿಚ್ಚಬೇಕು. ಗಂಡು ಗೊತ್ತಾಗುವವರೆಗೆ ಅದು ಹಸಿಯಾಗಿಯೇ ಮೊಳೆಯ ಮೇಲಿರಬೇಕು. ಗೊತ್ತಾದ ದಿನ ತಾಯಿ ಅದನ್ನು ಇಳಿಸಿ ಬೇಯಿಸಬೇಕು. ಪುಟ್ಟಬಸಮ್ಮ ಎರಡು ಮಳೆಗಾಲ ಕೂತು, ಮಧುವನಹಳ್ಳಿಯಿಂದ ಬಂದ ಗೂಡಿನಲ್ಲಿ ಒಳ್ಳೊಳ್ಳೆಯದನ್ನು ಆರಿಸಿ, ಬಿಸಿನೀರಿನಲ್ಲಿ ಬೆರಳು ಬೇಯಿಸಿಕೊಂಡು ಬಿಚ್ಚಿದ್ದ ನೂಲು ಅದು. ಅಂಥ ಎಳೆ ಊರಲ್ಲಿ ಇನ್ನೊಂದಿರಲಿಲ್ಲ. ಈ ಮಾತನ್ನು ಶಿವರತ್ನಮ್ಮನೇ ಹೇಳುತ್ತಿದ್ದಳು ಎಂದರೆ ಅದು ಎಂಥ ನೂಲಿರಬೇಕು, ನೀವೇ ತಿಳಿದುಕೊಳ್ಳಿ.

ಅವಳು ಹೋಗಿ ಅದನ್ನು ಇಳಿಸಿದಳು. ವೃಷಭೇಂದ್ರಪ್ಪನ ಮುಖ ಅರಳಿತು. ಹೆಂಡತಿ ಒಪ್ಪಿದಳು ಎಂದು ಅವನು ತಿಳಿದ. "ನೋಡುದ್ರಾ ಗುರುಮಲ್ಲಪ್ಪ, ಬಾಯಿ ಮಾತ್ರ ಕಣ್ರಿ ಇವಳ್ದು ಒರಟು" ಎಂದು ಗೆಳೆಯನ ಭುಜ ತಟ್ಟಿದ. ಎಲೆಯಡಿಕೆ ತಟ್ಟೆ ಹಿಡಿದು ಆಗತಾನೇ ಬಾಗಿಲಿಗೆ ಬಂದ ಪುಟ್ಟಬಸಮ್ಮ ತನ್ನ ನೂಲು ಅವ್ವನ ಕೈಯಲ್ಲಿರುವುದನ್ನು ಕಂಡು ಅಲ್ಲೇ ನಿಂತಳು. ಅವಳ ಮುಖ ಕೆಂಪಾಯಿತು. ಬಂದ ಗಂಡುಗಳನ್ನೆಲ್ಲ ಅಟ್ಟಿದ ಅವ್ವ ತಾನಾಗಿ ನೂಲು ಇಳಿಸಿದಳಲ್ಲ ಎಂದು ಅವಳಿಗೆ ಅಳು ಬರುವಷ್ಟು ಸಂತೋಷವಾಗಿತ್ತು. ಶಿವರತ್ನಮ್ಮ ಆ ಮುಖ ನೋಡಿದಳು. ಒಂದು ಗಳಿಗೆ ಕೈ ತಡೆಯಿತು. ಆಮೇಲೆ, ಕೆಸರು ಕಲಸುವವನ ಹಿಂದೆ ಕಣ್ಣೀರು ಸುರಿಸುವುದಕ್ಕಿಂತ ಇವತ್ತೇ ಅತ್ತು ಮುಗಿಸಲಿ ಎಂದುಕೊಂಡು ನೂಲನ್ನು ಹುಡುಗನ ಕೈಗಿಟ್ಟಳು.

ಗುರುಪಾದಸ್ವಾಮಿ ಲಡಿಗಳನ್ನು ಕೋಲಿಗೆ ಪೋಣಿಸಿ ಕೊಪ್ಪರಿಗೆಗೆ ಇಳಿಬಿಟ್ಟ. ಹುಡುಗಿ ನೋಡುತ್ತಿದ್ದಾಳೆಂದು ತೋಳು ಮಡಚಿಕೊಂಡು ಚೆನ್ನಾಗಿಯೇ ತಿರುಗಿಸಿದ.

"ನೋಡಿ ಮಾವ, ಆಗಲೇ ಹೇಗೆ ಮೆತ್ತಗಾಯ್ತು!"

ಮೆತ್ತಗೇನೋ ಆಯಿತು. ನೀರು ಹಳದಿಗೆ ತಿರುಗಿತು, ಆಮೇಲೆ ಗಂಜಿಯ ಹಾಗೆ ಮಂದವಾಯಿತು. ನಿಂಗಯ್ಯ ಮುಖ ತಿರುಗಿಸಿಕೊಂಡ. ಗುರುಪಾದಸ್ವಾಮಿಗೆ ಕೋಲು ಹಗುರವಾದದ್ದು ಮೊದಲು ಗೊತ್ತಾಯಿತು. ಅವನು ಎತ್ತಿದ. ಕೋಲಿನ ಮೇಲೆ ಸಿಂಬಳದಂಥ ಒಂದೆರಡು ಎಳೆ ಜೋತಾಡಿ, ಅವೂ ಜಾರಿ ನೀರಿಗೆ ಬಿದ್ದವು. ಅವನು ಬಗ್ಗಿ ಕೋಲಿನಿಂದ ತಳವನ್ನು ಕೆದಕಿದ. ಅಲ್ಲಿ ಕೆದಕುವುದಕ್ಕೆ ಏನೂ ಇರಲಿಲ್ಲ. ಎರಡು ಮಳೆಗಾಲದ ನೂಲು ಕರಗಿ ನೀರಾಗಿತ್ತು.

"ಎಲ್ಲೋಯ್ತು?" ಎಂದ ವೃಷಭೇಂದ್ರಪ್ಪ ಪೆದ್ದನ ಹಾಗೆ.

ಶಿವರತ್ನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಅವಳು ಕಾಯುತ್ತಿದ್ದ ಗಳಿಗೆ ಬಂದಿತ್ತು. "ಎಲ್ಗೋಯ್ತದೆ? ಕೆಸರಾಯ್ತು! ಇಂಜಿನಿಯರ ಕೈಗೆ ಸಿಕ್ಕುದ್ದೆಲ್ಲ ಕೆಸರಾಯ್ತದೆ. ಗುರುಮಲ್ಲಪ್ಪಾರೇ, ನಿಮ್ಮ ಸೋದರಳಿಯ ರೇಷ್ಮೆಗೂ ಬಂಡೆಗೂ ಯತ್ವಾಸ ಗೊತ್ತಿಲ್ದೋನು. ಧಾರೆ ನೂಲು ಕಣ್ರಿ ಅದು. ಧಾರೆಗೆ ಮುಂಚೆನೇ ನೀರುಪಾಲಾಯ್ತು. ಇದ್ಕಿಂತ ಅಪಶಕುನ ಇನ್ನೇನು ಬೇಕು? ಕರ್ಕಂಡು ಓಗಿ. ಯಳಂದೂರಿಗೆ ಬಸ್ಸು ಇನ್ನೂ ಅದೆ."

ಗುರುಮಲ್ಲಪ್ಪನವರು ಶಲ್ಯ ಸರಿಮಾಡಿಕೊಂಡರು. ವೃಷಭೇಂದ್ರಪ್ಪ ಎಲೆಯಡಿಕೆ ಉಗುಳಿ ನೆಲ ನೋಡುತ್ತ ನಿಂತ. ಎಲ್ಲವೂ ಅಂದುಕೊಂಡ ಹಾಗೆಯೇ ಆಗುತ್ತಿತ್ತು. ಶಿವರತ್ನಮ್ಮನಿಗೆ ಅಂಥ ಸುಖ ಬಹಳ ದಿನದಿಂದ ಆಗಿರಲಿಲ್ಲ.

ಗುರುಪಾದಸ್ವಾಮಿ ಕೋಲನ್ನು ಮೆಲ್ಲಗೆ ಕೆಳಗಿಟ್ಟ. ಅವನ ಮೂಗಿನ ಮೇಲೆ ಬೆವರು ಬಂದಿತ್ತು. ಅವನು ಶಿವರತ್ನಮ್ಮನ ಕಡೆಗಾಗಲಿ ಸೋದರಮಾವನ ಕಡೆಗಾಗಲಿ ನೋಡದೆ ಬಾಗಿಲಲ್ಲಿದ್ದ ಹುಡುಗಿಯ ಕಡೆ ತಿರುಗಿದ. ಪಟ್ಟಣದ ಮಾತು ಮರೆತುಹೋಗಿ ಊರ ಮಾತೇ ಬಂತು.

"ನಿಮ್ಮ ನೂಲು ಅಂತ ನಂಗೊತ್ತಿರ್ನಿಲ್ಲ. ರೇಷ್ಮೆ ಕರಗ್ತದೆ ಅಂತ್ಲೂ ಗೊತ್ತಿರ್ನಿಲ್ಲ. ನಾನು ಇಂಜಿನಿಯರ್ ಅಲ್ಲ ಕಣ್ರಿ. ಅಲ್ಲಿನ ಇಂಜಿನಿಯರ್ರು ಏಳ್ದಷ್ಟು ಮೂಟೆ ಬಿಚ್ಚಿ ತೊಟ್ಟಿಗೆ ಸುರಿಯೋನು ನಾನು. ನಮ್ಮಾವ ಇಂಜಿನಿಯರ್ ಅಂದ್ರು, ಕೇಳಕ್ಕ ಚೆಂದಾಗಿತ್ತು, ಸುಮ್ಕಾದೆ. ತಪ್ಪಾಯ್ತು."

"ಕೇಳುದ್ರಾ!" ಎಂದು ಶಿವರತ್ನಮ್ಮ ಚಪ್ಪಾಳೆ ತಟ್ಟಿದಳು. "ಮೂಟೆ ಒರೋನಂತೆ!"

ಯಾರೂ ನಗಲಿಲ್ಲ. ಪುಟ್ಟಬಸಮ್ಮ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಕೊಪ್ಪರಿಗೆಯ ಹತ್ತಿರ ಬಂದಳು. ಒಳಗೆ ನೋಡಿದಳು. ಆಮೇಲೆ ಪಕ್ಕದಲ್ಲಿ ಬಾಯಿ ತೆರೆದು ಬಿದ್ದಿದ್ದ ಡಬ್ಬದ ಕಡೆ ಬಗ್ಗಿದಳು. ತಳದಲ್ಲಿ ಉಳಿದಿದ್ದ ಬಿಳಿ ಚೂರುಗಳು ಬೆವರಿ ಒಂದಕ್ಕೊಂದು ಅಂಟಿಕೊಂಡಿದ್ದವು. ಅವಳು ಮುಟ್ಟಲಿಲ್ಲ. ಮುಟ್ಟಬಾರದೆಂದು ಅವಳಿಗೆ ಚಿಕ್ಕಂದಿನಿಂದ ಗೊತ್ತಿತ್ತು.

"ಅವ್ವ, ಇದು ನಮ್ಮ ಸಾಬೂನಿಗೆ ಆಕೋ ಕಾಸ್ಟಿಕ್ಕು."

"ಅದ್ಕೇನೀಗ?"

"ಅವ್ರು ಇದ್ನ ಆಕ್ವಾಗ ನೀನು ಇಲ್ಲೇ ಇದ್ದ್ಯಾ?"

ನಿಂಗಯ್ಯ ನೆಲ ನೋಡಿದ. ಪುಟ್ಟಬಸಮ್ಮನಿಗೆ ಉತ್ತರ ಅಲ್ಲೇ ಸಿಕ್ಕಿತು. ಶಿವರತ್ನಮ್ಮನಾದರೂ ಸುಳ್ಳು ಹೇಳುವ ಹೆಂಗಸಲ್ಲ. ಸುಳ್ಳು ಹೇಳುವುದು ಹೆದರುವವರ ಕೆಲಸ ಎಂದು ಅದನ್ನೂ ಅವಳು ತಿರಸ್ಕಾರದಿಂದಲೇ ಕಾಣುತ್ತಿದ್ದಳು.

"ಊ ಕಣೇ, ಇದ್ದೆ. ಗೊತ್ತಿದ್ದೇ ಸುಮ್ಕಿದ್ದೆ, ಗೊತ್ತಿದ್ದೇ ನೂಲು ಇಳಿಸ್ಕೊಟ್ಟೆ. ಇವನ ಬಣ್ಣ ಬಯಲಾಗ್ಲಿ ಅಂತ. ನಿನ್ನ ಒಳ್ಳೇದ್ಕೆ. ನೂಲು ಓದ್ರೆ ಇನ್ನೊಂದು ಬಿಚ್ಚಬೌದು, ಬಾಳು ಓದ್ರೆ?"

"ಅದು ನಂದು ಅವ್ವ. ನಿಂದಲ್ಲ."

"ನಿಂದೇ ಕಣೇ. ನಿನ್ನ ಉಳುಸ್ಕಳಕ್ಕ..."

"ಅವ್ರು ಗೊತ್ತಿಲ್ದೆ ಕರಗಿಸುದ್ರು, ತಪ್ಪಾಯ್ತು ಅಂದ್ರು. ಈ ಮನೇಲಿ ಆ ಮಾತ್ನ ಒಬ್ರ ಬಾಯಲ್ಲೂ ನಾನು ಕೇಳಿರ್ನಿಲ್ಲ. ನೀನು ಗೊತ್ತಿದ್ದು ಕೊಟ್ಟೆ. ನಾನು ಬಾಗಿಲಲ್ಲಿ ನಿಂತು ಸಂತೋಸ ಪಡ್ತಿದ್ನಲ್ಲ, ಅದ್ನ ನೋಡ್ಕಂಡೇ ಕೊಟ್ಟೆ."

ಶಿವರತ್ನಮ್ಮ ಮಗಳ ತೋಳು ಹಿಡಿಯಲು ಹೋದಳು. ಪುಟ್ಟಬಸಮ್ಮ ಹಿಂದಕ್ಕೆ ಸರಿದು ಅಪ್ಪನ ಕಡೆ ತಿರುಗಿದಳು.

"ಅಪ್ಪ, ಸೋಮವಾರ ವೀಳ್ಯ ಬದಲಾಯಿಸ್ಕಳಿ. ಅವ್ರಿಗೆ ಈಗ್ಲೂ ಮನಸ್ಸಿದ್ರೆ."

ಗುರುಪಾದಸ್ವಾಮಿ ಹೂಂ ಎಂದು ತಲೆಯಾಡಿಸಿದ. ವೃಷಭೇಂದ್ರಪ್ಪ ಹೆಂಡತಿಯ ಕಡೆ ನೋಡಿದ. ಮದುವೆಯಾದ ಮೇಲೆ ಮೊದಲ ಸಲ, ಬೆನ್ನ ಹಿಂದಲ್ಲ, ಅವಳೆದುರಿಗೇ ಅವಳನ್ನು ಕೇಳದೆ, "ಆಗ್ಲಿ ಕಣವ್ವ" ಎಂದ.

"ಮೂಟೆ ಒರೋನ ಜೊತೆ ಬಾಳ್ತೀಯೇನೇ?" ಎಂದು ಶಿವರತ್ನಮ್ಮ ಕೂಗಿದಳು. "ಧಾರೆಗೆ ಏನುಟ್ಕತೀಯೇ? ನೂಲೆಲ್ಲೈತೆ?"

"ಈ ಸಲದ ಗೂಡು ಬಂದ್ಮೇಲೆ ಇನ್ನೊಂದ್ಸಲ ಬಿಚ್ಚುತೀನಿ. ಅಲ್ಲೀಗಂಟ ಧಾರೆ ತಡೀಲಿ. ಬೇಯಿಸಕ್ಕ ಮಾತ್ರ ಬೇರೆಯೋರ ಮನೆಗೆ ಕೊಡ್ತೀನಿ. ಅವ್ರು ಅರ್ಧಂಬರ್ಧ ಬೇಯಿಸುದ್ರೂ ಸೈ."

ಇಷ್ಟು ಹೇಳಿ ಪುಟ್ಟಬಸಮ್ಮ ಅವ್ವನನ್ನು ಒಮ್ಮೆ ನೋಡಿದಳು. ಶಿವರತ್ನಮ್ಮನ ಮಗಳ ಧಾರೆ ನೂಲು ಇನ್ನೊಬ್ಬರ ಕೊಪ್ಪರಿಗೆಯಲ್ಲಿ ಬೆಂದಿತೆಂದು ಊರೆಲ್ಲ ನಗುವುದು ಶಿವರತ್ನಮ್ಮನಿಗೆ ಆಗಲೇ ಕೇಳಿಸುತ್ತಿತ್ತು. ಅದನ್ನಾದರೂ ಅವಳು ತಡೆದುಕೊಳ್ಳುತ್ತಿದ್ದಳು, ನಗುವವರಿಗೆ ಒಬ್ಬೊಬ್ಬರಿಗೂ ಒಂದೊಂದು ಮಾತು ಅವಳಲ್ಲಿ ಇತ್ತು. ಆದರೆ ಮಗಳ ಕಣ್ಣಲ್ಲಿ ಕೋಪವಿರಲಿಲ್ಲ, ಅಳುವೂ ಇರಲಿಲ್ಲ. ತುಟಿಯನ್ನು ಒಂದಿಷ್ಟೇ ಓರೆ ಮಾಡಿ, ರೆಪ್ಪೆ ಅರ್ಧ ಇಳಿಸಿ ನೋಡುವ ಆ ನೋಟವನ್ನು ಶಿವರತ್ನಮ್ಮ ಚೆನ್ನಾಗಿ ಬಲ್ಲಳು. ಇಷ್ಟು ವರ್ಷ ಊರನ್ನು ಅವಳು ನೋಡುತ್ತ ಬಂದದ್ದು ಅದೇ ನೋಟದಲ್ಲಿ. ಅದು ಎದುರಿನಿಂದ ಹೇಗೆ ಕಾಣುತ್ತದೆ ಎನ್ನುವುದು ಮಾತ್ರ ಅವಳಿಗೆ ಗೊತ್ತಿರಲಿಲ್ಲ.